ಹಡಗು ಕಟ್ಟಿದ ಮನೆತನದ ಮಾತು

ಪಾರ್ಶ್ವವಾಯು ಹೊಡೆದ ಮೇಲೆ ಆ ಹಿರಿಯರಿಗೆ ಉಳಿದದ್ದು ಮೂರೇ ಮಾತು. ‘ಹಾಂ’, ‘ನಾ’, ಮತ್ತೆ ‘ಸಾಗ್’. ಮೊದಲೆರಡು ಯಾರಿಗಾದರೂ ತಿಳಿಯುವಂಥವು. ಮೂರನೆಯದನ್ನು ಅವರು ಎಡಗೈ ಎತ್ತಿ ಮನೆಯ ಹಿಂಭಾಗ ತೋರಿಸುತ್ತ ಹೇಳುತ್ತಿದ್ದರು. ಹಿಂದೆ ಅಡುಗೆಮನೆ ಇತ್ತು. ಅವರ ಮಗಳು ಪ್ರತಿಸಲವೂ ಎದ್ದು ಹೋಗಿ ಫ್ರಿಜ್ಜಿನಿಂದ ಒಂದು ಬಟ್ಟಲು ಸಬ್ಬಕ್ಕಿ ಪುಡ್ಡಿಂಗ್ ತಂದು ಅವರ ಮುಂದಿಡುತ್ತಿದ್ದರು.

ಸಬ್ಬಕ್ಕಿಗೆ ಮಲಯ್ ಭಾಷೆಯಲ್ಲಿ ಸಾಗು ಅನ್ನುತ್ತಾರೆ. ಬೇಯಿಸಿ ತಣ್ಣಗೆ ಮಾಡಿದ ಸಬ್ಬಕ್ಕಿಗೆ ತೆಂಗಿನ ಹಾಲು, ಕಪ್ಪು ಬೆಲ್ಲದ ಪಾಕ ಹುಯ್ದರೆ ಅದು ಮಲೇಷ್ಯಾದ ಈ ಮೆಲಾಕಾದವರ ಅಚ್ಚುಮೆಚ್ಚಿನ ಸಿಹಿ. ತೀರಿಕೊಂಡ ಅವರ ಹೆಂಡತಿ ಈ ಊರಿನ ಚೀನೀ ಮನೆತನದವರು, ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದರಂತೆ. ಹಾಗಾಗಿ ಅಪ್ಪ ಅಮ್ಮನ ಕೈಯ ತಿಂಡಿ ಕೇಳುತ್ತಿದ್ದಾರೆ ಎಂದು ಮಗಳು ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೊದಲ ಕೆಲವು ದಿನ ಅವರು ತಿಂದರು. ಆಮೇಲೆ ಬಟ್ಟಲು ಕಂಡರೆ ಮುಖ ತಿರುಗಿಸತೊಡಗಿದರು. ನಾನು ಅವರ ಮನೆಗೆ ಹೋಗಲು ಶುರುಮಾಡಿದ ಎರಡನೇ ವಾರ ಬಟ್ಟಲನ್ನು ನೆಲಕ್ಕೆ ತಳ್ಳಿಬಿಟ್ಟರು. ಮಗಳು ಪಾಕ ಒರೆಸುತ್ತ, ತಲೆ ಎತ್ತದೆ, “ಟೀಚರ್, ನಂಗೆ ಇವರು ಏನು ಕೇಳ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ ಲಾ” ಅಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆ ಕೊನೆಯ ‘ಲಾ’ ಮಾತ್ರ ಇಲ್ಲಿಯ ಮಣ್ಣಿನದು, ಅದನ್ನು ಹಾಗೇ ಬಿಟ್ಟಿದ್ದೇನೆ.

ನನಗೂ ಗೊತ್ತಾಗಿರಲಿಲ್ಲ. ನಾನು ಮೈಸೂರಿನಲ್ಲಿ ವಾಕ್ ಚಿಕಿತ್ಸೆ ಓದಿದವಳು. ಗಂಡ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರ ಹಿಂದೆ ಬಂದವಳು ಇಲ್ಲಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಮಾತು ನಿಂತುಹೋದವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಮೆಟ್ಟಿಲಿಳಿದು ಕೇಂದ್ರಕ್ಕೆ ಬರಲಾರದವರ ಮನೆಗೆ ನಾನೇ ಹೋಗುತ್ತೇನೆ. ಈ ಹಿರಿಯರ ಮನೆಗೂ ಹಾಗೇ ಹೋದದ್ದು, ವಾರಕ್ಕೆರಡು ಸಂಜೆ.

ಮನೆ ಹಳೇ ಊರಿನ ಒಂದು ಬೀದಿಯಲ್ಲಿ. ಮುಂದೆ ಕಿರಿದು, ಹಿಂದಕ್ಕೆ ಹೋದಷ್ಟೂ ಉದ್ದ. ಕೆಳಗೆ ಒಂದು ಕಾಲದಲ್ಲಿ ಅಂಗಡಿ, ಮೇಲೆ ವಾಸ. ನಡುವೆ ಆಕಾಶಕ್ಕೆ ತೆರೆದ ಸಣ್ಣ ಅಂಗಳ. ಅವರು ಪಾರ್ಸಿಗಳು, ಎಂಬತ್ತು ದಾಟಿದವರು. ಮಗಳಿಗೆ ಐವತ್ತರ ಹತ್ತಿರ. ಕೌಲಾಲಂಪುರದ ಹತ್ತಿರದ ಪುಚೊಂಗಿನಲ್ಲಿ ಮನೆ ಮಾಡಿಕೊಂಡು, ಕಂಟೇನರುಗಳನ್ನು ದೇಶದಿಂದ ದೇಶಕ್ಕೆ ಕಳಿಸುವ ಒಂದು ಚಿಕ್ಕ ಕಂಪನಿ ನಡೆಸುತ್ತಿದ್ದರು. ಅಪ್ಪನಿಗೆ ಹೀಗಾದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮೆಲಾಕಾಕ್ಕೆ ಬಂದು ಕೂತಿದ್ದರು.

ಮೊದಲ ದಿನ ನಾನು ಹಿರಿಯರ ಹೆಸರು ಕೇಳಿದೆ. ತುಟಿ ಆಡಿಸಿದರು, ಆಗಲಿಲ್ಲ. ಪೆನ್ನು ತೋರಿಸಿದೆ, ಚಮಚ ತೋರಿಸಿದೆ, ಆಗಲಿಲ್ಲ. ಹೊರಡುವ ಹೊತ್ತಿಗೆ ಮಗಳು ಗೋಡೆಯ ಪಟದ ಮುಂದೆ ಎಣ್ಣೆ ದೀಪ ಹಚ್ಚಿದರು. ಇಷ್ಟು ಹೊತ್ತು ಒಂದು ಅಕ್ಷರಕ್ಕೆ ಒದ್ದಾಡಿದ ಮನುಷ್ಯ ಕಣ್ಣು ಮುಚ್ಚಿಕೊಂಡು ತಮ್ಮ ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ ಸರಾಗವಾಗಿ ಹೇಳಿಬಿಟ್ಟರು. ಮಗಳು ಬೆರಗಾಗಿ ನನ್ನ ಕಡೆ ನೋಡಿದರು. ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಮಿದುಳಿನಲ್ಲಿ ಬೇರೆ ಕಡೆ ಉಳಿದಿರುತ್ತದೆ. ಹಾಗೆಂದು ಹೇಳಿದೆ. “ಹಾಗಾದ್ರೆ ಮಾತು ಒಳಗೆ ಇದೆ ಅಂತಾಯ್ತು” ಅಂದರು ಅವರು. ಇದೆ ಅಂದೆ. ಬಾಗಿಲು ಯಾವುದು ಅನ್ನುವುದಷ್ಟೇ ಗೊತ್ತಿರಲಿಲ್ಲ.

ಬಟ್ಟಲು ತಳ್ಳಿದ ದಿನ ನಾನು ಮಾಮಕ್ ಅಂಗಡಿಯಿಂದ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಿಂದ, ರೋಟಿ ತಪೌ ಮಾಡಿಸಿಕೊಂಡು ಮನೆಗೆ ಬಂದೆ. ಕಟ್ಟಿಸಿಕೊಂಡು ಒಯ್ಯುವುದಕ್ಕೆ ನಾವೂ ಈಗ ತಪೌ ಅಂತಲೇ ಅನ್ನುತ್ತೇವೆ. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ.

“ಅದು ಸಬ್ಬಕ್ಕಿ ಅಲ್ಲಂತ ನನಗ ಅನಸ್ತದ ರೀ. ಸಾಗು ಅನ್ನಂಗಿಲ್ಲ ಅವರು, ಸಾಗ್ ಅಂತ ಅಲ್ಲಿಗೇ ನಿಲ್ಲಸ್ತಾರ.”

“ಕೊನೇ ಸೌಂಡ್ ಡ್ರಾಪ್ ಆಗ್ತಿರಬಹುದಲ್ವಾ? ಸ್ಟ್ರೋಕ್ ಅಲ್ವೇನೇ” ಅಂದರು. ಅವರು ಮೈಸೂರಿನವರು, ನಾನು ದಾಂಡೇಲಿಯವಳು. ಹದಿನೆಂಟು ವರ್ಷ ಜೊತೆಗಿದ್ದರೂ ಮನೆಯಲ್ಲಿ ಎರಡು ಕನ್ನಡ ನಡೆಯುತ್ತವೆ.

“ಉಳಿದ ಮಾತು ಡ್ರಾಪ್ ಆಗಂಗಿಲ್ಲಲ್ಲ ಮತ್ತ?”

“ಹಾಗಾದ್ರೆ ಗುಜರಾತಿ ಇರಬೇಕು. ಮಗಳಿಗೆ ಬರಲ್ವಾ?”

ಬರುತ್ತಿರಲಿಲ್ಲ. ಅಮ್ಮ ಚೀನೀ, ಅಪ್ಪ ಪಾರ್ಸಿ, ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯ್. ಅಪ್ಪ ಗುಜರಾತಿ ಆಡುತ್ತಿದ್ದದ್ದು ಮುಂಬೈಯಲ್ಲಿದ್ದ ತಂಗಿಯ ಜೊತೆ ಫೋನಿನಲ್ಲಿ ಮಾತ್ರ.

ಮುಂದಿನ ವಾರ ಹೋದಾಗ ಜೋರು ಮಳೆ ಬಂದು ಆಗಷ್ಟೇ ನಿಂತಿತ್ತು. ಕೈ ತೊಳೆಯಲೆಂದು ಅಡುಗೆಮನೆಯ ಕಡೆ ಹೊರಟವಳಿಗೆ ಅಂಗಳದಲ್ಲಿ ಒಂದು ವಾಸನೆ ತಾಗಿತು. ಹಳೇ ಚರ್ಮದ ಹಾಗೆ, ಸ್ವಲ್ಪ ಎಣ್ಣೆ ಎಣ್ಣೆ. ಕಾಲು ತಾನಾಗಿ ನಿಂತಿತು. ನಮ್ಮಪ್ಪ ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಕೆಲಸದಲ್ಲಿದ್ದರು. ಸಂಜೆ ಮನೆಗೆ ಬಂದಾಗ ಅವರ ಅಂಗಿಗೆ ಇದೇ ವಾಸನೆ ಇರುತ್ತಿತ್ತು. ಅಂಗಳದ ಮೂಲೆಯಲ್ಲಿ ನೀಲಿ ತಾಡಪಾಲು ಮುಚ್ಚಿದ ಒಂದು ರಾಶಿ. ಗಾಳಿಗೆ ತಾಡಪಾಲು ಸರಿದು ಒಂದು ದಪ್ಪ ಹಲಗೆಯ ತುದಿ ಕಾಣುತ್ತಿತ್ತು. ಯಾರೋ ಇತ್ತೀಚೆಗೆ ಗರಗಸ ಹಾಕಿ ಕೊಯ್ದಿದ್ದರು. ಕೊಯ್ದ ಜಾಗ ಜೇನುಬಣ್ಣವಾಗಿತ್ತು.

“ಸಾಗವಾನಿ” ಅಂದೆ, ನನಗೆ ನಾನೇ, ಆದರೆ ಗಟ್ಟಿಯಾಗಿ.

ಮುಂದಿನ ಕೋಣೆಯಿಂದ ಹಿರಿಯರ ದನಿ ಬಂತು. “ಹಾಂ. ಹಾಂ. ಸಾಗ್. ಸಾಗ್.”

ಓಡಿ ಹೋದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎಡಗೈಯಿಂದ ಮೇಜನ್ನು ತಟ್ಟುತ್ತಿದ್ದರು. ಮೇಜೂ ಸಾಗವಾನಿಯದೇ. ಮೂರು ವಾರದಿಂದ ಹಾಗೇ ತಟ್ಟುತ್ತಿದ್ದರು, ನಾವು ಅದನ್ನು ಸಿಟ್ಟು ಅಂದುಕೊಂಡಿದ್ದೆವು. ನಾನು ಮೇಜಿನ ಮೇಲೆ ಕೈಯಿಟ್ಟು, “ಇದಾ ಅಂಕಲ್? ಈ ಮರ?” ಅಂದೆ. ತಲೆಯಾಡಿಸಿದರು. ಮುಖ ಸಡಿಲವಾಯಿತು. ಆಮೇಲೆ ಅತ್ತರು.

ವಿಷಯ ಇಷ್ಟು. ಅವರಿನ್ನು ಮೆಟ್ಟಿಲು ಹತ್ತಲಾರರು ಎಂದು, ಅವರು ಆಸ್ಪತ್ರೆಯಲ್ಲಿದ್ದಾಗಲೇ ಮಗಳು ಕೆಳಗಿನ ಉಗ್ರಾಣದ ಕೋಣೆಯನ್ನು ಮಲಗುವ ಕೋಣೆ ಮಾಡಿಸಿದ್ದರು. ಕೆಲಸದವರು ಅಲ್ಲಿದ್ದ ಹಳೇ ಸಾಮಾನು, ಮರದ ತುಂಡುಗಳನ್ನೆಲ್ಲ, ಉದ್ದವಿದ್ದದ್ದನ್ನು ಕೊಯ್ದು, ಅಂಗಳಕ್ಕೆ ಹಾಕಿ ಹೋಗಿದ್ದರು. ಮರುದಿನ ಬೆಳಿಗ್ಗೆ ಅದನ್ನು ಒಯ್ಯಲು ಲಾರಿ ಬರುವುದಿತ್ತು. ಮಗಳು ಅಲ್ಲಿಯೇ ಫೋನ್ ಮಾಡಿ ಲಾರಿ ಬೇಡ ಅಂದರು. ನಾವಿಬ್ಬರೂ ತಾಡಪಾಲು ತೆಗೆದು ಒಂದೊಂದೇ ತುಂಡನ್ನು ಎತ್ತಿ ಅವರಿಗೆ ತೋರಿಸುತ್ತ ಹೋದೆವು. ನಾ, ನಾ, ನಾ. ಗರಗಸ ಬಿದ್ದಿದ್ದ ಆ ದಪ್ಪ ಹಲಗೆ ಬಂದಾಗ ‘ಹಾಂ’ ಅಂದರು. ಅದರ ಇನ್ನೊಂದು ಅರ್ಧ ರಾಶಿಯ ತಳದಲ್ಲಿತ್ತು. ಎರಡನ್ನೂ ತೊಡೆಯ ಮೇಲೆ ಇರಿಸಿಕೊಂಡು, ಕೊಯ್ದ ಜಾಗಗಳನ್ನು ಒಂದಕ್ಕೊಂದು ಹೊಂದಿಸಿ, ಬೆರಳಿನಿಂದ ಉಜ್ಜಿದರು.

“ಇದನ್ನ ನಾನು ಯಾವತ್ತೂ ನೋಡೇ ಇಲ್ಲ” ಅಂದರು ಮಗಳು. “ಇದರ ಮೇಲೆ ಪೇಂಟ್ ಡಬ್ಬ ಇಡ್ತಿದ್ರು.”

ನನಗೆ ಬಾಗಿಲು ಸಿಕ್ಕಿತ್ತು. ಇಂಗ್ಲಿಷಿನ ಚಿತ್ರಪಟಗಳನ್ನು ಚೀಲಕ್ಕೆ ಹಾಕಿದೆ. ಮುಂದಿನ ಸಲದಿಂದ ಹಲಗೆಯನ್ನೇ ನಡುವೆ ಇಟ್ಟುಕೊಂಡು ಕೂತೆವು. ಮಾತು ಹೊರಡದವರಿಗೆ ಎಡಗೈಯಲ್ಲಿ ತಾಳ ಹಾಕಿಸಿ, ರಾಗ ಎಳೆದು ನುಡಿಸುವ ಒಂದು ಕ್ರಮವಿದೆ. ಹಲಗೆಯ ಮೇಲೆ ತಾಳ ಹಾಕಿಸಿದೆ. ‘ಸಾಗ್’ನ ಹಿಂದೆ ‘ಲಾಕ್ಡು’ ಬಂತು, ಕಟ್ಟಿಗೆ ಎಂದು, ಅದರ ಹಿಂದೆ ‘ಸುತಾರ್’. ಸುತಾರ ಅಂದರೆ ಬಡಗಿ, ಅದು ನಮ್ಮ ಕಡೆಯೂ ಇರುವ ಮಾತು. ‘ವಹಾಣ್’ ಬಂದಾಗ ನಾನು ಅದನ್ನು ನಮ್ಮ ವಾಹನ ಅಂದುಕೊಂಡು ಕಾರಿನ ಸ್ಟಿಯರಿಂಗ್ ತಿರುಗಿಸುವ ಹಾಗೆ ಮಾಡಿ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಅವರ ನಗೆ ಕೇಳಿದ್ದು ಅದೇ ಮೊದಲು. ಅಂಗೈಯನ್ನು ಗಾಳಿಯಲ್ಲಿ ಅಲೆಯ ಹಾಗೆ ತೇಲಿಸಿ ತೋರಿಸಿದರು. ಹಡಗು.

ಒಂದು ತಿಂಗಳೊಳಗೆ ಎರಡು ಮೂರು ಪದ ಜೋಡಿಸತೊಡಗಿದರು, ಎಲ್ಲ ಗುಜರಾತಿಯಲ್ಲಿ. ನಾನು ಕೇಳಿದ್ದನ್ನು ಬರೆದುಕೊಳ್ಳಬೇಕಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ದಕಾರವೋ ಡಕಾರವೋ ಮನೆಗೆ ಬಂದ ಮೇಲೆ ನನಗೇ ತಿಳಿಯುತ್ತಿರಲಿಲ್ಲ. ಒಂದು ಉದ್ದ ನೋಟುಬುಕ್ಕು ಕೊಂಡು ಕನ್ನಡದಲ್ಲಿ ಬರೆಯತೊಡಗಿದೆ. ಅರ್ಥ ಗೊತ್ತಿಲ್ಲದ ಸಾಲುಗಳು ಒಂದರ ಕೆಳಗೊಂದು ತುಂಬಿದವು. ಹಿರಿಯರಿಗೆ ಅದು ಬಹಳ ಇಷ್ಟವಾಯಿತು. ಒಂದು ಸಾಲು ಹೇಳಿ, ನಾನು ಬರೆದು ಮುಗಿಸುವವರೆಗೆ ಕಾದು, ಓದು ಎಂದು ಕೈಸನ್ನೆ ಮಾಡುತ್ತಿದ್ದರು. ಓದಿದರೆ ತಿದ್ದುತ್ತಿದ್ದರು. ಹೀಗೆ ನಾನು ಟೀಚರಾಗಿ ಹೋದ ಮನೆಯಲ್ಲಿ ನನಗೇ ಪಾಠ ನಡೆಯುತ್ತಿತ್ತು.

ಅರ್ಥ ಹೇಳಲು ಮುಂಬೈಯ ತಂಗಿ ಇದ್ದರು. ವಾರಕ್ಕೊಮ್ಮೆ ಸಂಜೆ ಐದರ ಸುಮಾರಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆವು. ಅಲ್ಲಿ ಅದು ಮಧ್ಯಾಹ್ನದ ನಿದ್ದೆಯ ಹೊತ್ತು. ಮೊದಲ ದಿನ ನಾನು ನೋಟುಬುಕ್ಕು ಹಿಡಿದು, ನನ್ನ ದಾಂಡೇಲಿ ಧಾಟಿಯಲ್ಲಿ ಪಾರ್ಸಿ ಗುಜರಾತಿ ಓದಿದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಏನಾಯ್ತು ಆಂಟಿ? ತಪ್ಪು ಓದಿದ್ನಾ?”

“ಇಲ್ಲ ದೀಕ್ರಾ. ಎಲ್ಲ ಸರಿ ಇದೆ. ನಮ್ಮ ಬಪಾಯ್ಜಿ ಮಂಗಳೂರು ಕಡೆಯಿಂದ ಬಂದಿದ್ರೆ ಹೀಗೇ ಮಾತಾಡ್ತಿದ್ಲೇನೋ ಅನ್ನಿಸ್ತು.”

ದೀಕ್ರಾ ಅಂದರೆ ಮಗು, ಬಪಾಯ್ಜಿ ಅಂದರೆ ಅಪ್ಪನ ಅಮ್ಮ. ಹಿರಿಯರು ಹೇಳುತ್ತಿದ್ದದ್ದೆಲ್ಲ ಆ ಅಜ್ಜಿ ಹೇಳಿದ್ದು. ತಂಗಿಯನ್ನು ಆರು ವರ್ಷಕ್ಕೇ ಮುಂಬೈಯ ಬೋರ್ಡಿಂಗ್ ಶಾಲೆಗೆ ಹಾಕಿದ್ದರಿಂದ ಆಕೆಗೆ ಅದರಲ್ಲಿ ಅರ್ಧಕ್ಕರ್ಧ ಗೊತ್ತೇ ಇರಲಿಲ್ಲ. ಅಜ್ಜಿ ತನ್ನ ಮಾವನ ಬಾಯಿಂದ ಕೇಳಿದ್ದಳು, ಹಿರಿಯರು ಅಜ್ಜಿಯಿಂದ. ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಓದುವುದು, ತಂಗಿ ಇಂಗ್ಲಿಷಿನಲ್ಲಿ ಹೇಳುವುದು, ಮಗಳು ಟೈಪ್ ಮಾಡುವುದು, ಹಿರಿಯರು ನಡುನಡುವೆ ‘ನಾ’ ಅಂದು ಎಲ್ಲರನ್ನೂ ನಿಲ್ಲಿಸುವುದು. ಹೀಗೆ ಒಂದು ಪಾರ್ಸಿ ಮನೆತನದ ಚರಿತ್ರೆ ಮೊದಲ ಬಾರಿಗೆ ಬರಹಕ್ಕಿಳಿದದ್ದು ಕನ್ನಡ ಅಕ್ಷರದಲ್ಲಿ.

ಆ ಚರಿತ್ರೆ ಶುರುವಾಗುವುದು ಸೂರತ್ತಿನ ನದೀತೀರದಲ್ಲಿ. ಅಲ್ಲಿ ಒಬ್ಬ ಬಡಗಿ ಇದ್ದ. ಅವನ ಕೈಯ ಹದ ನೋಡಿ ಇಂಗ್ಲಿಷ್ ವ್ಯಾಪಾರಿಗಳು, ಮುಂಬೈಯಲ್ಲಿ ಹಡಗುಕಟ್ಟೆ ಮಾಡುತ್ತೇವೆ, ಬಾ ಎಂದು ಕರೆದರು. ಅವನು ತನ್ನ ಉಳಿ, ಬಾಚಿ ಕಟ್ಟಿಕೊಂಡು, ನಾಲ್ಕು ಜನ ನೆಂಟರನ್ನು ಕರೆದುಕೊಂಡು ಹೋದ. ಆಮೇಲೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಹಡಗು ಕಟ್ಟುವವರ ಮುಖ್ಯಸ್ಥನ ಜಾಗ ಆ ಮನೆಯಲ್ಲೇ ಉಳಿಯಿತು. ಅವರು ಕಟ್ಟುತ್ತಿದ್ದದ್ದು ಸಾಗವಾನಿಯಲ್ಲಿ. ಮರ ಮಲಬಾರಿನಿಂದ, ಇನ್ನೂ ಕೆಳಗಿನ ಕರಾವಳಿಯಿಂದ ಬರುತ್ತಿತ್ತು. ಒಂದು ಸಲ ಅವರ ಬಾಯಲ್ಲಿ ‘ಕಾನಡಾ’ ಎಂಬ ಮಾತೂ ಬಂತು. ಕನ್ನಡ ಸೀಮೆ ಎಂದು, ನಮ್ಮ ಕಾಡಿನದೇ ಇದ್ದರೂ ಇರಬಹುದು. ನನ್ನ ಎದೆ ಸ್ವಲ್ಪ ಉಬ್ಬಿದ್ದು ನಿಜ, ಆದರೆ ಸುಮ್ಮನೆ ಬರೆದುಕೊಂಡೆ.

ಹಲಗೆಯ ಅಂಚು ತೋರಿಸಿ ಅವರು ಒಂದು ಸಂಜೆಯೆಲ್ಲ ಹೇಳಿದ್ದು ಜೋಡಣೆಯ ವಿಷಯ. ಒಂದು ಹಲಗೆಯ ಅಂಚಿಗೆ ಸಣ್ಣ ಕಾಲುವೆಯಂಥ ಗಾಡಿ ಕೊರೆದು, ಇನ್ನೊಂದರ ಅಂಚಿಗೆ ನಾಲಿಗೆ ಬಿಟ್ಟು, ನಡುವೆ ರಾಳ ಸವರಿದ ಹತ್ತಿ ಇಟ್ಟು ಒತ್ತಿ ಕೂಡಿಸುತ್ತಿದ್ದರು. ಕೂಡಿಸಿದ ಮೇಲೆ ಎರಡು ಹಲಗೆ ಎಲ್ಲಿ ಸೇರಿವೆ ಎಂದು ಉಗುರಿಗೂ ಸಿಗುತ್ತಿರಲಿಲ್ಲವಂತೆ. ಹಲಗೆಯ ಗಾಡಿಯಲ್ಲಿ ಕಪ್ಪಗೆ ಗಟ್ಟಿಯಾದ ಏನೋ ಇತ್ತು. ಮಗಳು ಗುಂಡುಸೂಜಿಯಿಂದ ಕೆದಕಿದಾಗ ಒಂದು ಎಳೆ ಎದ್ದಿತು. ಹತ್ತಿ. ಆಕೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಕಬ್ಬಿಣದ ಹಡಗುಗಳು ಬರುತ್ತಿದ್ದ ಕಾಲಕ್ಕೆ ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣನಿಗೆ ಹಡಗುಕಟ್ಟೆಯ ಹುದ್ದೆ ಬಂತು. ತಮ್ಮನ ಕೈ ಅಣ್ಣನಿಗಿಂತ ಚೆನ್ನಾಗಿತ್ತು, ಆದರೆ ಎರಡನೇ ಹುದ್ದೆ ಇರಲಿಲ್ಲ. ಅವನು ಚೀನಾದ ಕಡೆ ಹೊರಟ ಒಂದು ಹಡಗಿನಲ್ಲಿ ರಿಪೇರಿ ಬಡಗಿಯಾಗಿ ಸೇರಿಕೊಂಡ. ಅದು ಅವನ ಅಪ್ಪನೇ ಕಟ್ಟಿದ ಹಡಗು. ಪೆನಾಂಗಿನಲ್ಲಿ ಇಳಿದವನು ಅಲ್ಲಿ ಕೆಲವು ವರ್ಷ, ಆಮೇಲೆ ಮೆಲಾಕಾದಲ್ಲಿ, ಒಡಕು ಹಡಗುಗಳನ್ನು ಸರಿಮಾಡುತ್ತ ಉಳಿದುಬಿಟ್ಟ. ಸೂರತ್ತಿನಿಂದ ಹೆಂಡತಿಯನ್ನು ಕರೆಸಿಕೊಂಡ. ಬಹಳ ವರ್ಷದ ಮೇಲೆ, ತಾನು ಬಂದಿದ್ದ ಹಡಗು ಮುದಿಯಾಗಿ ಇದೇ ತೀರದಲ್ಲಿ ಒಡೆಯಲು ಬಂದು ನಿಂತಿದೆ ಎಂದು ಯಾರೋ ಹೇಳಿದರು. ಹೋಗಿ ಒಂದೇ ಒಂದು ಹಲಗೆ ತಂದ. ಅದೇ ಈ ಹಲಗೆ.

ಈ ಜಾಗದಲ್ಲಿ ಫೋನಿನ ಆಚೆಯಿಂದ ತಂಗಿ ತಕರಾರು ಎತ್ತಿದರು. “ನಾವು ಕೇಳಿದ್ದು ಬೇರೆ. ಅವನು ವ್ಯಾಪಾರ ಮಾಡೋಕೆ ಅಂತಾನೇ ಬಂದ, ಬರುವಾಗಲೇ ಅವನ ಹತ್ರ ಸ್ವಂತ ಮಾಲು ಇತ್ತು ಅಂತ ಮುಂಬೈಯಲ್ಲಿ ಹೇಳ್ತಾರೆ.”

“ನಾ” ಅಂದರು ಅಣ್ಣ. ಆಮೇಲೆ ಬಹಳ ಕಷ್ಟಪಟ್ಟು, ಹಲಗೆ ತಟ್ಟುತ್ತ, “ಸುತಾರ್. ಸುತಾರ್” ಅಂದರು.

“ಸರಿ ಭಾಯ್, ಬಡಗಿ. ನಿನ್ನ ಹತ್ರ ಜಗಳ ಯಾರು ಆಡ್ತಾರೆ” ಅಂದರು ತಂಗಿ. ಮಗಳು ಎರಡನ್ನೂ ಟೈಪ್ ಮಾಡಿಕೊಂಡರು.

ಬಡಗಿಯ ಮಗ ಬಾಚಿ ಮುಟ್ಟಲಿಲ್ಲ. ಹಡಗುಗಳಿಗೆ ಹಗ್ಗ, ಹಾಯಿ ಬಟ್ಟೆ, ಡಾಂಬರು, ದೀಪದ ಎಣ್ಣೆ ಒದಗಿಸುವ ಅಂಗಡಿ ಇಟ್ಟ. ಅವನ ಮಗ, ಅಂದರೆ ನಮ್ಮ ಹಿರಿಯರ ಅಪ್ಪ, ರಬ್ಬರು, ತವರ ಸಾಗಿಸುವ ದೊಡ್ಡ ವ್ಯಾಪಾರಿಯಾದ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಇಲ್ಲಿ ಆಳಿದ ಕಾಲದಲ್ಲಿ ಎಲ್ಲ ಹೋಯಿತು. ಸೌದೆ ಸಿಗದೆ ಮೇಜು, ಕುರ್ಚಿ, ಕಿಟಕಿ ಬಾಗಿಲುಗಳೂ ಒಲೆಗೆ ಹೋದವು. ಈ ಹಲಗೆಯನ್ನು ಮಾತ್ರ ಅಜ್ಜಿ ನೆಲಕ್ಕೆ ಹಾಕಿ, ಮೇಲೆ ಹಾಸಿಗೆ ಹಾಸಿ, ಯುದ್ಧ ಮುಗಿಯುವವರೆಗೆ ಅದರ ಮೇಲೆ ಮಲಗಿದಳು. ಬೆನ್ನು ನೋವು ಎಂದು ಸೊಸೆಗೆ ಹೇಳಿಕೊಂಡಳಂತೆ. ಮೊಮ್ಮಗನಿಗೆ ಮಾತ್ರ ನಿಜ ಹೇಳಿದಳು.

ಐದಾರು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಅವರು ನೀರು, ಅನ್ನ, ಸಾಕು, ಬಾ ಎಂಬವನ್ನು ಇಂಗ್ಲಿಷಿನಲ್ಲೂ ಹೇಳುತ್ತಿದ್ದರು. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. ಒಂದು ಶುಕ್ರವಾರ ಮಗಳು ಮೇಲೆ ಯಾವುದೋ ಮೀಟಿಂಗಿನಲ್ಲಿದ್ದಾಗ ಅವರು ನನ್ನನ್ನು ಹತ್ತಿರ ಕರೆದು, ನೋಟುಬುಕ್ಕು ತೆಗೆ ಎಂದು ಸನ್ನೆ ಮಾಡಿದರು. ಆ ದಿನ ಹಲಗೆ ತಟ್ಟಲಿಲ್ಲ. ಒಂದೊಂದು ಪದಕ್ಕೂ ನಿಂತು, ಬೆವರುತ್ತ, ಆರು ಸಾಲು ಹೇಳಿದರು. ಅದರಲ್ಲಿ ನನಗೆ ಗೊತ್ತಾದದ್ದು ‘ವಹಾಣ್’ ಬಿಟ್ಟರೆ ‘ದೀಕ್ರಿ’ ಒಂದೇ. ಮಗಳು. ಓದಿದಾಗ ಒಂದು ಕಡೆಯೂ ತಿದ್ದಲಿಲ್ಲ.

ಮರುವಾರ ಎಂದಿನಂತೆ ಫೋನು ಹಚ್ಚಿ ಕೂತೆವು. ನಾನು ಆ ಸಾಲುಗಳನ್ನು ಓದಿದೆ. ಓದುವಾಗ ನನಗೆ ಅದು ಬರೀ ಶಬ್ದ. ಉಚ್ಚಾರ ತಪ್ಪಬಾರದು ಅನ್ನುವ ಗಮನದಲ್ಲೇ ಇದ್ದೆ. ಮುಗಿಸಿ ತಲೆಯೆತ್ತಿದರೆ ತಂಗಿಯ ಮುಖ ಪರದೆಯ ಮೇಲೆ ಅಲುಗದೆ ನಿಂತಿತ್ತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

“ಆಂಟಿ, ಕೇಳಿಸ್ತಾ?”

“ಕೇಳಿಸ್ತು” ಅಂದರು. ಆಮೇಲೆ ಅಣ್ಣನನ್ನು ಗುಜರಾತಿಯಲ್ಲಿ ಏನೋ ಕೇಳಿದರು. ಅವರು ‘ಹಾಂ’ ಅಂದರು. ತಂಗಿ ಅಣ್ಣನ ಸಾಲುಗಳನ್ನೇ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು:

“ನನಗೆ ಹದಿನೈದು ವರ್ಷ. ದೋಣಿ ಕಟ್ಟೋರ ಹತ್ರ ಹೋಗಿ ಕಲೀತೀನಿ ಅಂದೆ. ಅಪ್ಪ ಹೇಳಿದ್ರು, ನಾವು ಈಗ ಉಳಿ ಹಿಡಿಯೋರಲ್ಲ, ಉಳಿ ಹಿಡಿಯೋರಿಗೆ ಕೂಲಿ ಕೊಡೋರು ಅಂತ. ನನ್ನ ಮಗಳಿಗೆ ಹದಿನೇಳು ವರ್ಷ. ಹಡಗು ಕಟ್ಟೋದು ಓದ್ತೀನಿ ಅಂದ್ಲು. ನಾನೂ ಅದೇ ಮಾತು ಹೇಳಿದೆ. ಅವಳು ಮತ್ತೆ ಕೇಳಲಿಲ್ಲ.”

ನಾನು ನೋಟುಬುಕ್ಕನ್ನು ಮುಚ್ಚಬೇಕೋ ಬೇಡವೋ ತಿಳಿಯದೆ ಕೂತೆ. ಇನ್ನೊಬ್ಬರ ಕಾಗದ ಒಡೆದು ಓದಿದ ಹಾಗೆ ಅನ್ನಿಸುತ್ತಿತ್ತು. ಮಗಳು ಟೈಪ್ ಮಾಡುತ್ತಿದ್ದ ಕೈ ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದರು.

“ನಾನೇ ಮರೆತುಬಿಟ್ಟಿದ್ದೆ ಪಪ್ಪಾ” ಅಂದರು ಕೊನೆಗೆ. ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು, “ಇಲ್ಲ, ಮರೆತಿರಲಿಲ್ಲ. ಅಕೌಂಟ್ಸ್ ಓದಿದೆ, ಕೆಲಸ ಬಂತು, ಆಯ್ತು ಅಂದುಕೊಂಡೆ. ನಿಮಗೆ ನೆನಪಿದೆ ಅಂತ ಗೊತ್ತಿರಲಿಲ್ಲ” ಅಂದರು.

ಹಿರಿಯರು ಎಡಗೈ ಚಾಚಿ ಅವರ ತಲೆಯ ಮೇಲಿಟ್ಟರು. ನಾನು ಚೀಲ ತೆಗೆದುಕೊಂಡು ಹೊರಟೆ. ಹೊರಡುವುದನ್ನು ಇಬ್ಬರೂ ಗಮನಿಸಲಿಲ್ಲ.

ಮನೆಗೆ ಬಂದು ಗಂಡನಿಗೆ, “ನಾ ಇವತ್ತ ಏನ್ ಓದಿದೆ ಅಂತ ನನಗ ಗೊತ್ತs ಇರ್ಲಿಲ್ಲ ರೀ” ಅಂದೆ.

“ಗೊತ್ತಿದ್ದಿದ್ರೆ ಓದ್ತಿದ್ಯಾ?” ಅಂದರು.

ಯೋಚಿಸಿದೆ. ಓದುತ್ತಿರಲಿಲ್ಲ. ಹಿರಿಯರಿಗೂ ಅದು ಗೊತ್ತಿದ್ದಿರಬೇಕು.

ಎರಡು ತಿಂಗಳ ನಂತರ ಮಗಳೇ ಒಂದು ದಿನ ಕೇಳಿದರು. “ಟೀಚರ್, ಇವರನ್ನ ಕಾರಲ್ಲಿ ದೂರ ಕರ್ಕೊಂಡು ಹೋಗಬಹುದಾ? ತೆರೆಂಗಾನುವರೆಗೆ?” ಪೂರ್ವ ಕರಾವಳಿಯ ಆ ಸೀಮೆಯಲ್ಲಿ ಈಗಲೂ ಮರದ ದೋಣಿ ಕಟ್ಟುವ ಕೆಲವರು ಉಳಿದಿದ್ದಾರೆಂದು ಹುಡುಕಿ ಇಟ್ಟುಕೊಂಡಿದ್ದರು. ಡಾಕ್ಟರು ಒಪ್ಪಿದರು. ಅರ್ಧ ದಾರಿಯಲ್ಲಿ ಒಂದು ರಾತ್ರಿ ತಂಗುವುದೆಂದು ಮಾಡಿಕೊಂಡು ನಾವು ನಾಲ್ವರೂ ಹೊರಟೆವು. ನನ್ನ ಗಂಡನೇ ಕಾರು ಓಡಿಸಿದರು.

ದೋಣಿ ಕಟ್ಟುವ ಜಾಗ ನದೀಮುಖದಲ್ಲಿ, ತಗಡಿನ ಚಪ್ಪರದ ಕೆಳಗೆ. ದೊಡ್ಡ ದೋಣಿಯೊಂದು ಅರ್ಧ ಎದ್ದು ನಿಂತಿತ್ತು. ಕಟ್ಟುತ್ತಿದ್ದ ಮಲಯ್ ಮೇಸ್ತ್ರಿಗೆ ಅರವತ್ತೈದು ಇದ್ದೀತು. ನಕ್ಷೆ ಎಲ್ಲಿ ಎಂದು ನನ್ನ ಗಂಡ ಕೇಳಿದ್ದಕ್ಕೆ ಹಣೆಯ ಮೇಲೆ ಬೆರಳಿಟ್ಟು ತೋರಿಸಿದ. ಮರ ಸಾಗವಾನಿಯಲ್ಲ, ಇಲ್ಲಿಯದೇ ಒಂದು ಗಟ್ಟಿ ಮರ. ಹಲಗೆಗೂ ಹಲಗೆಗೂ ನಡುವೆ ಹತ್ತಿಯ ಬದಲು ಕಾಗದದ ಹಾಗೆ ಸುಲಿಯುವ ಒಂದು ತೊಗಟೆಯ ಪದರ. ಕಬ್ಬಿಣದ ಮೊಳೆ ಇಲ್ಲ, ಮರದ ಗೂಟಗಳಿಂದಲೇ ಬಿಗಿಯುತ್ತಾರೆ.

ಹಿರಿಯರನ್ನು ಗಾಲಿಕುರ್ಚಿಯಲ್ಲಿ ದೋಣಿಯ ಪಕ್ಕಕ್ಕೆ ಒಯ್ದೆವು. ಅವರು ಹಲಗೆಗಳು ಕೂಡಿದ ಜಾಗದಲ್ಲಿ ಉಗುರು ಎಳೆದು ನೋಡಿದರು. ಮತ್ತೆ ಎಳೆದರು. ತಲೆದೂಗಿದರು. ಮೇಸ್ತ್ರಿ ಮಲಯ್ ಭಾಷೆಯಲ್ಲಿ, “ಹೇಗಿದೆ ಪಾಕ್‌ಚಿಕ್?” ಅಂದ. ಪಾಕ್‌ಚಿಕ್ ಅಂದರೆ ಚಿಕ್ಕಪ್ಪ.

“ಬಾಗುಸ್” ಅಂದರು ಹಿರಿಯರು. ಚೆನ್ನಾಗಿದೆ ಎಂದು. ಒಂಬತ್ತು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಮಲಯ್ ಮಾತು ಅದು. ನಾನು ಮಗಳ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. ನಾವಿಬ್ಬರೂ ಏನೂ ಅನ್ನಲಿಲ್ಲ. ಹೊಗಳಿದರೆ ಅವರು ನಾಚಿ ಬಾಯಿ ಮುಚ್ಚಿಬಿಡುತ್ತಾರೆ, ಅದು ನಮಗೆ ಅಷ್ಟು ಹೊತ್ತಿಗೆ ಗೊತ್ತಿತ್ತು.

ಮೇಸ್ತ್ರಿ ಮಗಳ ಕೈಗೆ ಮರದ ಸುತ್ತಿಗೆ ಕೊಟ್ಟು, ತೂತಿನಲ್ಲಿ ಕೂರಿಸಿದ ಒಂದು ಗೂಟ ತೋರಿಸಿದ. ಅವರು ಆಫೀಸಿನ ಬಿಳಿ ಶರ್ಟಿನ ತೋಳು ಮಡಚಿ ಹೊಡೆದರು. ಮೊದಲ ಏಟು ಜಾರಿತು. ಎರಡನೆಯದು ತೀರಾ ಜೋರಾಯಿತು.

“ಪೆಲಾನ್” ಅಂದರು ಹಿರಿಯರು ಹಿಂದಿನಿಂದ. “ಪೆಲಾನ್, ಪೆಲಾನ್.” ನಿಧಾನ.

ಅವರು ನಿಧಾನವಾಗಿ ಹೊಡೆದರು. ಗೂಟ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ, ತುದಿಯಷ್ಟೇ ಉಳಿಯಿತು. ಮೇಸ್ತ್ರಿ ಬಗ್ಗಿ ನೋಡಿ, ಇನ್ನೊಂದು ಗೂಟ ತೆಗೆದು ಕೊಟ್ಟ.

ಇದೆಲ್ಲ ಆಗಿ ಒಂದು ವರ್ಷ ದಾಟಿದೆ. ಬರೆಯಲು ಇಬ್ಬರ ಒಪ್ಪಿಗೆಯನ್ನೂ ಕೇಳಿದೆ. ಬರಿ, ಹೆಸರು ಬೇಡ ಅಂದರು. ಹಿರಿಯರು ಈಗ ಚಿಕ್ಕ ಚಿಕ್ಕ ವಾಕ್ಯ ಆಡುತ್ತಾರೆ, ಮೂರು ಭಾಷೆ ಸೇರಿಸಿ. ಮೊದಲಿನ ಹಾಗೆ ಎಂದೂ ಆಗಲಾರರು, ಅದು ಅವರಿಗೂ ಗೊತ್ತು. ಟೈಪ್ ಮಾಡಿದ ಚರಿತ್ರೆ ಎಪ್ಪತ್ತು ಪುಟವಾಗಿದೆ. ತಂಗಿ ಅದರ ಅಂಚಿನಲ್ಲಿ ತನ್ನ ತಕರಾರುಗಳನ್ನು ಬರೆದು ವಾಪಸು ಕಳಿಸಿದ್ದಾರೆ. ಮಗಳು ತಿಂಗಳಿಗೊಮ್ಮೆ ನಾಲ್ಕು ದಿನ ರಜೆ ಹಾಕಿ ತೆರೆಂಗಾನುವಿಗೆ ಹೋಗುತ್ತಾರೆ. ಮೇಸ್ತ್ರಿಯ ಹತ್ತಿರ ಇಬ್ಬರು ಕೂರುವಷ್ಟು ಪುಟ್ಟ ದೋಣಿಯೊಂದನ್ನು ಕಟ್ಟುತ್ತಿದ್ದಾರೆ. ಹೋದ ವಾರ ಫೋಟೋ ಕಳಿಸಿದ್ದರು. ಒಂದು ಕಡೆಯ ಹಲಗೆಗಳು ಕೂತಿವೆ, ಇನ್ನೊಂದು ಕಡೆ ಬರೀ ಪಕ್ಕೆಲುಬು. ಕೆಳಗೆ ಬರೆದಿದ್ದರು: ಎಡಭಾಗ ಮೂರು ಸಲ ಬಿಚ್ಚಿ ಕೂಡಿಸಿದೆ ಟೀಚರ್, ಪಪ್ಪಾ ಫೋಟೋ ನೋಡಿ ಇನ್ನೊಂದು ಸಲ ಬಿಚ್ಚು ಅಂತಿದಾರೆ.